ದಾಸವಾಳಕ್ಕೆ ಥಂಡಿ ಹತ್ತೀತು!

ಚಳಿಗಾಲದಲ್ಲಿ ನಮ್ಮ ಕಾಕಾನ ಮನೆಗೆ ಹೋಗುವವರಿಗೆ ನನ್ನದೊಂದು ಕಿವಿಮಾತು: ಸ್ವೆಟರ್ ಎರಡು ಹಾಕಿಕೊಂಡು ಹೋಗಿ. ಒಂದನ್ನು ಅವನು ಖಂಡಿತ ಬಿಚ್ಚಿಸಿಕೊಳ್ಳುತ್ತಾನೆ! ತಾನು ತೊಡಲಿಕ್ಕಲ್ಲ, ಛೇ ಛೇ, ತನ್ನ ಮೈಮೇಲೆ ಬಟ್ಟೆ ಇದೆಯೋ ಇಲ್ಲವೋ ಎಂಬ ಖಬರೇ ಅವನಿಗೆ ಇರುವುದಿಲ್ಲ. ಅದು ಮಲ್ಲಿಗೆಗೆ. ಮಲ್ಲಿಗೆಗೆ ಆಗಲೇ ಇದ್ದರೆ ದಾಸವಾಳಕ್ಕೆ. ದಾಸವಾಳಕ್ಕೂ ಇದ್ದರೆ, 'ಇರಲಿ, ಒಳಗೊಂದು ಹೊರಗೊಂದು' ಎಂದು ಎರಡನೆಯ ಪದರವಾಗಿ ಮತ್ತೆ ಮಲ್ಲಿಗೆಗೇ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಅವನಿಗೆ ಏಕವಚನವೇ ಎಂದು ಮೈಸೂರು ಕಡೆಯವರು ಹುಬ್ಬೇರಿಸಬೇಡಿ. ನಮ್ಮ ವಿಜಾಪುರದಲ್ಲಿ ದೇವರಿಗೂ ಕಾಕಾನಿಗೂ ಬಹುವಚನ ಹಚ್ಚುವ ರೂಢಿಯಿಲ್ಲ. ಬೇಸಿಗೆಯಲ್ಲಿ ಗೋಡೆಗೆ ಬೆನ್ನು ಹಚ್ಚಿದರೆ ಚುರ್ರೆನ್ನುವ ಊರು ಅದು. ಅಲ್ಲಿ ಹುಟ್ಟಿ ಬೆಳೆದವನು ಲಂಡನ್ನಿಗೆ ಬಂದು, ವಿಮಾನಗಳು ಹೆಂಚಿಗೆ ತಾಗುವಂತೆ ಹಾರುವ ಫೆಲ್ಥಮ್‌ನಲ್ಲಿ ಮನೆ ಮಾಡಿ, ಆ ವಿಮಾನಗಳಿಗೇ ಊಟದ ಟ್ರೇ ತುಂಬುವ ಕೆಲಸಕ್ಕೆ ಸೇರಿದ. ಈ ದೇಶದ ಚಳಿಯನ್ನು ಅವನು ಇವತ್ತಿಗೂ ಕ್ಷಮಿಸಿಲ್ಲ. ಆದರೆ ಸಿಟ್ಟು ತನ್ನ ಸಲುವಾಗಿ ಅಲ್ಲ.

"ಮನಷ್ಯಾಗ ಥಂಡಿ ಆದ್ರ ಬಾಯಿ ಬಿಟ್ಟು ಹೇಳತಾನ. ಗಿಡಕ್ಕ ಬಾಯಿ ಎಲ್ಲದ?" ಇದು ಅವನ ವಾದ. ನಿಮ್ಮ ಹತ್ತಿರ ಉತ್ತರ ಇದ್ದರೆ ಹೇಳಿ.

ನಾನು ಹೇಳಹೊರಟ ಕಾಲಕ್ಕೆ ಅವನದು ಐದು ಕುಂಡಗಳ ಸಂಸಾರ. ಎರಡು ದಾಸವಾಳ, ಎರಡು ಮಲ್ಲಿಗೆ, ಒಂದು ಕಣಗಿಲೆ. ಆಳೆತ್ತರದ ಕೆಂಪು ದಾಸವಾಳಕ್ಕೆ 'ದೊಡ್ಡಾಕಿ' ಎಂದು ಹೆಸರು. ಮಲ್ಲಿಗೆಗಳಲ್ಲಿ ಚಿಕ್ಕದು 'ಸಣ್ಣಾಕಿ'. ಬಂದವರಿಗೆಲ್ಲ ದೊಡ್ಡಾಕಿಯನ್ನು ತೋರಿಸಿ, "ಇಕಿ ನಮ್ಮೂರಾಕಿ" ಎಂದು ಎದೆ ಉಬ್ಬಿಸುತ್ತಿದ್ದ. ಒಳಗಿನಿಂದ ಅವನ ಹೆಂಡತಿ, ನಮ್ಮ ಕಾಕು, ಕೂಗುತ್ತಿದ್ದಳು: "ಎಲ್ಲೀ ಊರು? ಬೈಪಾಸಿನ ಗಾರ್ಡನ್ ಸೆಂಟರಿನ್ಯಾಗ ತಂದದ್ದು! ಕುಂಡಕ್ಕ ಇನ್ನೂ ಚೀಟಿ ಅಂಟಿಕೊಂಡದ, ನೋಡ್ರಿ ಬೇಕಾದ್ರ!"

ತೊಂಬತ್ತರ ದಶಕದ ನಡುವಿನಲ್ಲಿ ನಾನು ಓದಲೆಂದು ಒಬ್ಬಳೇ ಲಂಡನ್ನಿಗೆ ಬಂದೆ. ಕ್ವೀನ್ಸ್‌ಬರಿಯಲ್ಲಿ ಒಬ್ಬ ಗುಜರಾತಿ ಅಜ್ಜಿಯ ಮನೆಯ ಮಹಡಿಯಲ್ಲಿ ನನಗೊಂದು ಕೋಣೆ. ಬಂದ ಎರಡನೆಯ ವಾರ ಕಾಕುವಿನ ಫೋನು ಬಂತು. "ಭಾಳ ಥಂಡಿ ಅದ ಅಂತ ನಿಮ್ಮ ಕಾಕಾ ದೊಡ್ಡಾಕೀನ ಒಳಗ ಕರಕೊಂಡು ಬಂದು ಕೂಡ್ರಿಸ್ಯಾರ. ನಡುಮನ್ಯಾಗ ಹೆಜ್ಜಿ ಇಡಲಿಕ್ಕೂ ಜಾಗಾ ಇಲ್ಲ. ನೀನೂ ಬಾ, ನೋಡೀಯಂತ."

ನಾನು ಏನು ತಿಳಿಯಬೇಕು ಹೇಳಿ! ಊರಿನಿಂದ ಯಾರೋ ಹಿರಿಯಳು ಬಂದಿರಬೇಕು, ಬರಿಗೈಲಿ ಹೋಗುವುದು ಹೇಗೆ ಎಂದು ಬಾಳೆಹಣ್ಣು ಕಟ್ಟಿಸಿಕೊಂಡು, ಟ್ಯೂಬ್ ರೈಲು ಬದಲಿಸಿ, ಬಸ್ ಹಿಡಿದು ಫೆಲ್ಥಮ್ ಮುಟ್ಟಿದೆ. ಹೊರಗಿನ ಚಳಿಯಿಂದ ಒಳಗೆ ಕಾಲಿಟ್ಟ ಕ್ಷಣ ಅಡುಗೆಮನೆಯ ಉಗಿಗೆ ಕನ್ನಡಕದ ಮೇಲೆ ಮಂಜು ಕೂತು ಲೋಕವೆಲ್ಲ ಹಾಲುಹಾಲಾಯಿತು. ಮಸುಕಿನಲ್ಲೇ ಮೂಲೆಯಲ್ಲಿ ಯಾರೋ ಕಂಡರು. ಕಂದು ಶಾಲು, ತಲೆಗೆ ಮಂಕಿ ಕ್ಯಾಪು, ಕತ್ತಿನ ಸುತ್ತ ಮಫ್ಲರು. ಮಾತಿಲ್ಲ, ಕಥೆಯಿಲ್ಲ. ಭಾಳ ವಯಸ್ಸಾದವರಿರಬೇಕು, ಪಾಪ ಎಂದುಕೊಂಡು ಬಾಳೆಹಣ್ಣು ಪಕ್ಕಕ್ಕಿಟ್ಟು, ಬಗ್ಗಿ, ಭಕ್ತಿಯಿಂದ ಕಾಲು ಮುಟ್ಟಿದೆ.

ಕಾಲು ತಣ್ಣಗಿತ್ತು. ಗುಂಡಗಿತ್ತು. ಹಸಿ ಮಣ್ಣು ಕೈಗೆ ಮೆತ್ತಿತು!

ನಾನು ಹಾಗೇ ಬಗ್ಗಿರುವಾಗ ಮೇಲಿನಿಂದ ಒಂದು ಹಣ್ಣೆಲೆ ಉದುರಿ ನನ್ನ ನೆತ್ತಿಯ ಮೇಲೆ ಬಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಾಕಾ ಚಪ್ಪಾಳೆ ತಟ್ಟಿದ. "ಭೇಷ್! ಆಶೀರ್ವಾದ ಮಾಡಿದ್ಲು ನೋಡು!"

ಆ ಮನೆಯಲ್ಲಿ ಸಂಜೆಯ ವಾರ್ತೆಗಿಂತ ವಾರ್ತೆಯ ಬಾಲಕ್ಕೆ ಬರುವ ಹವಾಮಾನಕ್ಕೇ ಬೆಲೆ ಹೆಚ್ಚು. ಸರಕಾರ ಬೀಳಲಿ, ಯುದ್ಧವೇ ಆಗಲಿ, ಕಾಕಾ ಸುಮ್ಮನೆ ಚುರುಮರಿ ತಿನ್ನುತ್ತ ಕೂತಿರುತ್ತಿದ್ದ. ಹವಾಮಾನದವನು ನಕಾಶೆಯ ಮುಂದೆ ಬಂದು ನಿಂತನೋ, ಎದ್ದು ನಿಂತುಬಿಡುತ್ತಿದ್ದ. ಆ ಮನುಷ್ಯನ ಬಾಯಿಂದ 'ಫ್ರಾಸ್ಟ್', ಅಂದರೆ ಇಬ್ಬನಿಯೇ ಹೆಪ್ಪುಗಟ್ಟುವ ಚಳಿ, ಎಂಬ ಶಬ್ದ ಬಿತ್ತೋ, ಮುಗಿಯಿತು!

"ಫ್ರಾಸ್ಟ್! ಫ್ರಾಸ್ಟ್ ಅಂದ! ಏಳ್ರಿ ಎಲ್ಲಾರೂ!"

ಮನೆಗೆ ಬೆಂಕಿ ಬಿದ್ದರೂ ಅಷ್ಟು ಗದ್ದಲ ಆಗಲಿಕ್ಕಿಲ್ಲ. ಹನ್ನೆರಡು ವರ್ಷದ ಮಗಳು ಬಾಗಿಲು ಹಿಡಿಯಬೇಕು. ಕಾಕು ನೆಲಕ್ಕೆ ಹಳೆಯ ಪೇಪರು ಹಾಸಬೇಕು. ಕಾಕಾ ಹೊಟ್ಟೆಯನ್ನೂ ಕುಂಡವನ್ನೂ ಒಟ್ಟಿಗೆ ಅಪ್ಪಿಕೊಂಡು, ಎರಡರಲ್ಲಿ ಯಾವುದು ಯಾವುದೆಂದು ತಿಳಿಯದಂತೆ ಒಳಗೆ ಬರಬೇಕು. ಮಲ್ಲಿಗೆಗಳಿಗೆ ಬಾತ್‌ಟಬ್. ಕಣಗಿಲೆಗೂ ಚಿಕ್ಕ ದಾಸವಾಳಕ್ಕೂ ಮೆಟ್ಟಿಲ ಕೆಳಗಿನ ಜಾಗ. ದೊಡ್ಡಾಕಿಗೆ ನಡುಮನೆ, ಟೀವಿಯ ಮುಂದೆ.

"ಮೂರು ದಿವಸ ಆತು ನಾ ಸ್ನಾನಾ ಮಾಡಿ," ಎಂದು ಕಾಕು ನನ್ನ ಹತ್ತಿರ ಅಳಲು ತೋಡಿಕೊಂಡಳು. "ಟಬ್ಬಿನ್ಯಾಗ ಅವು ಕೂತಾವ. ಎಬ್ಬಸಬ್ಯಾಡ, ಈಗ ಹೊಂದಿಕೊಂಡಾವ ಅಂತಾರ!"

ಮಗಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಹಡಿಯಿಂದ ಕಿರುಚಿದಳು: "ಡ್ಯಾಡ್! ದ ಜ್ಯಾಸ್ಮಿನ್ ಹ್ಯಾಸ್ ಗಾಟ್ ಮೈ ಬ್ಲ್ಯಾಂಕೆಟ್ ಅಗೇನ್!"

"ನಿನಗ ಹೀಟರ್ ಅದಲ್ಲವಾ, ಅಕಿಗೇನದ?"

"ಯೂ ಸ್ವಿಚ್ಡ್ ಆಫ್ ದ ಹೀಟರ್!"

ಹೌದು, ಆರಿಸಿದ್ದ! ಹೀಟರಿನ ಗಾಳಿಗೆ ಎಲೆ ಒಣಗುತ್ತದಂತೆ. ಹೀಗಾಗಿ ಗಿಡಗಳು ಹೊದ್ದುಕೊಂಡು ಬೆಚ್ಚಗೆ, ಮನುಷ್ಯರು ಕೋಟು ಹಾಕಿಕೊಂಡು ನಡುಗುತ್ತ ರೊಟ್ಟಿ ತಿನ್ನುವ ದೃಶ್ಯ ಆ ಮನೆಯಲ್ಲಿ ಡಿಸೆಂಬರಿನಿಂದ ಮಾರ್ಚ್ ತನಕ ಸಾಮಾನ್ಯ. ನನ್ನ ಅವ್ವ ಊರಿನಿಂದ ಹೆಣೆದು ಕಳಿಸಿದ ಕೆಂಪು ಸ್ವೆಟರು ಪಾರ್ಸೆಲ್ ಒಡೆದ ಮರುದಿನವೇ ಕಣಗಿಲೆಯ ಮೈಮೇಲಿತ್ತು. ಕೇಳಿದರೆ, "ನಿನಗಿಂತ ಅದಕ್ಕಽ ಛಂದ ಕಾಣತದ, ಖರೇ ಹೇಳು," ಎಂದ. ಖರೇ ಹೇಳಬೇಕೆಂದರೆ, ಛಂದವೇ ಕಾಣುತ್ತಿತ್ತು.

ಒಂದು ಸಲ ಸಂಕ್ರಾಂತಿಗೆ ಕನ್ನಡದವರೆಲ್ಲ ಒಂದು ಹಾಲ್‌ನಲ್ಲಿ ಸೇರಿದ್ದರು. ಎಳ್ಳುಬೆಲ್ಲ ಕೊಟ್ಟುತೊಗೊಂಡು ಮಾಡುವಾಗ ಕಾಕಾನ ಕಣ್ಣು ಬೆಂಗಳೂರಿನ ಒಬ್ಬ ದೊಡ್ಡ ಮನುಷ್ಯರ ಮೇಲೆ ಬಿತ್ತು. ಮನುಷ್ಯರ ಮೇಲೆ ಎಲ್ಲಿ ಬಂತು, ಅವರ ಕೋಟಿನ ಮೇಲೆ! ಮೊಣಕಾಲಿನ ಕೆಳಗೆ ಬರುವ ಉಣ್ಣೆಯ ಕೋಟು. ಕಾಕಾ ಹತ್ತಿರ ಹೋಗಿ ಅದರ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ.

"ಇದರಂಥದು ಹಳೇದು ಯಾವುದಾದ್ರೂ ಅದ ಏನ್ರಿ ನಿಮ್ಮ ಕಡೆ? ನಮ್ಮ ಸಣ್ಣಾಕಿಗೆ ಬೇಕಾಗಿತ್ತು."

"ನಿಮ್ಮ ಚಿಕ್ಕ ಮಗಳಿಗಾ ಸಾರ್?" ಎಂದರು ಅವರು. "ಇಲ್ಲಿಗೆ ಬಂದಿಲ್ವಾ ಅವಳು?"

"ಎಲ್ಲಿ ಬರತಾಳ್ರಿ! ಮೂಲ್ಯಾಗ ನಿಂತಲ್ಲೇ ನಿಂತಿರತಾಳ. ಎತ್ತಿಕೊಂಡು ಹೋಗಬೇಕು."

ಅವರ ಹೆಂಡತಿಯ ಕೈಯಲ್ಲಿದ್ದ ಸಕ್ಕರೆ ಅಚ್ಚು ತಟ್ಟೆಗೆ ಬಿತ್ತು. "ಅಯ್ಯೋ... ಮಾತು ಆಡ್ತಾಳಾ?"

"ಇಲ್ರಿ. ಆದ್ರ ನಾವು ಹೇಳಿದ್ದು ಎಲ್ಲಾ ತಿಳೀತದ ಅಕಿಗೆ. ಹೋದ ಥಂಡ್ಯಾಗ ಭಾಳ ಸೊರಗಿ ಹೋಗಿದ್ಲು. ಬದುಕತಾಳಂತ ಮಾಡಿರಲಿಲ್ಲ."

ಆ ತಾಯಿಯ ಕಣ್ಣಲ್ಲಿ ನೀರು! ನಾನು ಪಕ್ಕದಲ್ಲೇ ಇದ್ದೆ. ಹೇಳೋಣವೆಂದು ಬಾಯಿ ತೆರೆದೆ, ಬಾಯಲ್ಲಿ ಎಳ್ಳುಬೆಲ್ಲ ತುಂಬಿತ್ತು. ಅದನ್ನು ನುಂಗುವಷ್ಟರಲ್ಲಿ ಅವರು ವಿಳಾಸ ಬರೆದುಕೊಂಡಾಗಿತ್ತು. ವಾರದೊಳಗೆ ಪಾರ್ಸೆಲ್ ಬಂತು. ಕೋಟು, ಒಂದು ಡಬ್ಬಿ ಕೊಬ್ಬರಿ ಮಿಠಾಯಿ, ಜೊತೆಗೊಂದು ಚೀಟಿ: 'ಧೈರ್ಯವಾಗಿರಿ. ನಿಮ್ಮ ಮಗಳಿಗಾಗಿ ದೇವರಲ್ಲಿ ಪ್ರಾರ್ಥಿಸುತ್ತಿದ್ದೇವೆ.'

ಕಾಕು ಚೀಟಿ ಓದಿ ತಲೆಗೆ ಕೈಹಚ್ಚಿ ಕೂತಳು. ಕಾಕಾ ಮಾತ್ರ ಚೀಟಿಯನ್ನು ಸಣ್ಣಾಕಿಗೆ ಓದಿ ಹೇಳಿ, "ಎಂಥಾ ಮಂದಿ! ಬೆಂಗಳೂರವರು ಒಳ್ಳೇವರು ಇರತಾರ," ಎಂದ.

ಇಂಥ ಕಾಕಾನಿಗೆ ಸರಿಸಾಟಿ ಒಬ್ಬಳೇ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ. ಎಂಬತ್ತು ದಾಟಿದವಳು, ಒಬ್ಬಳೇ ಇರುವವಳು, ಬಿದಿರಿನಂತೆ ನೆಟ್ಟಗಿದ್ದವಳು. ಕಾಕಾ ಅವಳನ್ನು ಎದುರಿಗೆ 'ಮೇಡಮ್' ಎನ್ನುತ್ತಿದ್ದ, ಹಿಂದಿನಿಂದ ಏನೆನ್ನುತ್ತಿದ್ದ ಎಂಬುದನ್ನು ಇಲ್ಲಿ ಬರೆಯಲಾರೆ. ಅವಳ ಹಿತ್ತಿಲ ಬಾಗಿಲ ಪಕ್ಕ, ಮರದ ದೊಡ್ಡ ಪೀಪಾಯಿಯಲ್ಲಿ ಒಂದು ಕೆಮೆಲಿಯಾ ಗಿಡವಿತ್ತು. ಎಲೆಯೆಲ್ಲ ಎಣ್ಣೆ ಸವರಿದ ಹಾಗೆ ಹೊಳಪು. ಚಳಿಗಾಲವೆಲ್ಲ ಮೊಗ್ಗು ಬಿಗಿಹಿಡಿದುಕೊಂಡು ನಿಂತು, ಫೆಬ್ರವರಿ ಮುಗಿಯುತ್ತ ಬಂದಾಗ ಗುಲಾಬಿ ಬಣ್ಣದ ಅಂಗೈಯಗಲ ಹೂ ಬಿಡುತ್ತಿತ್ತು.

"ಗಿಡಗಳನ್ನು ಮುದ್ದು ಮಾಡಿ ಕೆಡಿಸುತ್ತಿದ್ದೀರಿ," ಎಂದು ಅವಳು ಬೇಲಿಯ ಮೇಲಿನಿಂದ ಅನ್ನುವಳು. "ನನ್ನ ಕೆಮೆಲಿಯಾ ನೋಡಿ. ಅದಕ್ಕೆ ಏನೂ ಬೇಡ. ಗಟ್ಟಿ ಗಿಡ."

"ಮೇಡಮ್, ಯುವರ್ ಪ್ಲಾಂಟ್ ಈಸ್ ಶಿವರಿಂಗ್."

"ನಾನ್ಸೆನ್ಸ್. ಅದು ಗಾಳಿ."

ಇಬ್ಬರೂ ಬಾಗಿಲು ಹಾಕಿಕೊಂಡು ಒಳಗೆ ಹೋಗುವರು. "ಕರುಳಽ ಇಲ್ಲ ಮುದುಕಿಗೆ!" ಎಂದು ಕಾಕಾ ಚಹಾ ಮುಗಿಯುವ ತನಕ ಗೊಣಗುವನು. ಎರಡು ಮೂರು ಚಳಿಗಾಲ ಹೀಗೇ ಕಳೆದವು.

ಒಂದು ದಿನ ಬೆಳಗಿನ ಪಾಳಿಗೆ ಹೊರಟವನು ಬೇಲಿಯಾಚೆ ಏನೋ ಸದ್ದಾಯಿತೆಂದು ಇಣುಕಿದ. ಮೇಡಮ್ಮು ಡ್ರೆಸ್ಸಿಂಗ್ ಗೌನಿನಲ್ಲಿ ನಿಂತು ಕೆಮೆಲಿಯಾದ ಮೇಲಿನಿಂದ ಹಳೆಯ ರಜಾಯಿಯೊಂದನ್ನು ತೆಗೆದು ಮಡಚುತ್ತಿದ್ದಳು! ಪೀಪಾಯಿಯ ಸುತ್ತ ಗೋಣಿಚೀಲ ಬೇರೆ. ಇಬ್ಬರ ಕಣ್ಣೂ ಕೂಡಿದವು.

"ರಜಾಯಿಗೆ ಗಾಳಿ ಆಡಿಸುತ್ತಿದ್ದೇನೆ," ಎಂದಳು ಮೇಡಮ್ಮು.

"ಇನ್ ಫ್ರಾಸ್ಟ್, ಮೇಡಮ್?"

"ನಮ್ಮ ಮನೆ ಭಾಳ ತೇವ."

ಕಾಕಾ ಮುಖ ಗಂಭೀರ ಮಾಡಿಕೊಂಡು ಬಸ್ಸಿಗೆ ಹೋದನಂತೆ. ಆದರೆ ಬಸ್ಸಿನಲ್ಲಿ ಒಬ್ಬನೇ ಎಷ್ಟು ನಕ್ಕನೆಂದರೆ ಪಕ್ಕದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದಳಂತೆ! ಅಂದಿನಿಂದ ಇಬ್ಬರದೂ ಒಂದೇ ಪಕ್ಷ. ಬೇಲಿಯ ಮೇಲೆ ಜಗಳದ ಬದಲು ಪಾಠ ನಡೆಯತೊಡಗಿತು. ಕುಂಡದ ಗಿಡಕ್ಕೆ ಚಳಿ ಮೊದಲು ಹತ್ತುವುದು ಬೇರಿಗೆ, ಆದ್ದರಿಂದ ತಲೆಗೆ ಟೋಪಿ ಹಾಕುವ ಮೊದಲು ಕುಂಡಕ್ಕೆ ಸುತ್ತಬೇಕು ಎಂದು ಅವಳೇ ಹೇಳಿಕೊಟ್ಟಳು. ಹಿಮ ಕೂತ ಮೊಗ್ಗಿನ ಮೇಲೆ ಬೆಳಗಿನ ಬಿಸಿಲು ಥಟ್ಟನೆ ಬಿದ್ದರೆ ಮೊಗ್ಗು ಕಂದಿ ಹೋಗುತ್ತದೆ, ಮೂಡಣ ದಿಕ್ಕಿಗೆ ಒಂದು ಹಾಸಿಗೆ ಚಾದರ ತೂಗುಬಿಡಬೇಕು ಎಂದೂ ಹೇಳಿದಳು. ಕಾಕಾ ಎಲ್ಲವನ್ನೂ ತಲೆಯಾಡಿಸಿ ಕೇಳುತ್ತಿದ್ದ. ಕಾಕುವಿನ ಮಾತನ್ನು ಅವನು ಯಾವತ್ತೂ ಅಷ್ಟು ಲಕ್ಷ್ಯಗೊಟ್ಟು ಕೇಳಿದ್ದಿಲ್ಲ ಎಂದು ಕಾಕುವೇ ಹೇಳುತ್ತಾಳೆ.

ಎರಡು ಸಾವಿರದ ಇಸವಿ ದಾಟಿದ ಮೇಲಿನ ಒಂದು ಜನವರಿ. ಅಷ್ಟೊತ್ತಿಗೆ ನನ್ನ ಓದು ಮುಗಿದು ಇಲ್ಲೇ ಕೆಲಸವೂ ಸಿಕ್ಕಿತ್ತು. ಶನಿವಾರ, ಭಾನುವಾರ ಕಾಕಾನ ಮನೆಯಲ್ಲೇ ಇರುತ್ತಿದ್ದೆ. ಕಾಕುವಿನ ಸ್ನಾನದ ಹೋರಾಟಕ್ಕೂ ಜಯ ಸಿಕ್ಕಿತ್ತು. ಹಿತ್ತಿಲ ಗೋಡೆಗೆ ಆನಿಸಿ ಕಾಕಾ ಒಂದು ಗಾಜಿನ ಕೋಣೆ ಕಟ್ಟಿಸಿದ್ದ. ಒಳಗೊಂದು ಪುಟ್ಟ ಹೀಟರು, ಎಲೆ ಒಣಗದಿರಲೆಂದು ಅದರ ಪಕ್ಕ ಒಂದು ನೀರಿನ ಬೋಗುಣಿ, ಐದೂ ಗಿಡ ಅಲ್ಲೇ. "ಈಗ ಅವಕ್ಕ ಸ್ವಂತ ಮನಿ ಆತು," ಎಂದು ಬಂದವರಿಗೆಲ್ಲ ಹೇಳಿದ್ದೇ ಹೇಳಿದ್ದು.

ಆ ಭಾನುವಾರ ಮಧ್ಯಾಹ್ನ ಮೇಡಮ್ಮು ಹಿತ್ತಿಲ ಮೆಟ್ಟಿಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಕೂಗು ಕೇಳಿ ಓಡಿದವನು ಕಾಕಾನೇ. ಆಂಬುಲೆನ್ಸ್ ಬಂತು. ಸ್ಟ್ರೆಚರಿನ ಮೇಲೆ ಮಲಗಿಸಿಕೊಂಡು ಹೋಗುವಾಗ ಅವಳ ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು. ಆದರೂ ಕಾಕಾನ ಕಡೆ ಬೆರಳು ತೋರಿಸಿ ಗದರಿದಳು. "ನನ್ನ ಕೆಮೆಲಿಯಾದ ಗೊಡವೆಗೆ ಹೋಗಬೇಡಿ. ಅದಕ್ಕೆ ಏನೂ ಬೇಡ."

ಆಂಬುಲೆನ್ಸಿನ ಬಾಗಿಲು ಮುಚ್ಚಿತು. ಕಾಕಾ ನನ್ನ ಕಡೆ ತಿರುಗಿದ. "ಕೇಳಿದಿಲ್ಲ? ಹೊಚ್ಚು ಅಂತ ಹೇಳಿದ್ಲು."

ಸಂಜೆ ಹವಾಮಾನದವನು ಆ ಚಳಿಗಾಲದಲ್ಲೇ ಅತಿ ಕೆಟ್ಟ ಫ್ರಾಸ್ಟ್ ಬರುತ್ತದೆ ಎಂದ. ಭಾನುವಾರವಾದ್ದರಿಂದ ಅಂಗಡಿಗಳೆಲ್ಲ ಆಗಲೇ ಮುಚ್ಚಿದ್ದವು. ಮೇಡಮ್ಮಿನ ರಜಾಯಿ ಬೀಗದೊಳಗೆ ಸಿಕ್ಕಿಬಿದ್ದಿತ್ತು. ನಾವು ಗಾಜಿನ ಕೋಣೆಯಲ್ಲಿದ್ದ ಗೋಣಿಚೀಲ, ಹಳೆ ಕೌದಿ, ಚಾದರಗಳನ್ನೆಲ್ಲ ಹೊತ್ತು ಪಕ್ಕದ ಗೇಟಿನಿಂದ ಅವಳ ಹಿತ್ತಿಲಿಗೆ ಹೋದೆವು. ಕಾಕಾ ಮೊಣಕಾಲೂರಿ ಕೂತು, ಪೀಪಾಯಿಗೆ ಚೀಲ ಸುತ್ತುತ್ತ, "ಅಂಜಬ್ಯಾಡವಾ, ಅಕಿ ಬರತಾಳ, ಬರತಾಳ," ಎನ್ನುತ್ತಿದ್ದ.

"ಕಾಕಾ, ಅದು ಇಂಗ್ಲಿಷ್ ಗಿಡ. ಅದಕ್ಕ ಕನ್ನಡ ತಿಳೀತದೇನು?"

ಒಂದು ಗಳಿಗೆ ಯೋಚಿಸಿದ. "ಡೋಂಟ್ ವರಿ," ಎಂದು ಕೆಮೆಲಿಯಾಕ್ಕೆ ಹೇಳಿ ಮತ್ತೆ ಕೆಲಸಕ್ಕೆ ತೊಡಗಿದ.

ನನ್ನನ್ನು ಗಾಜಿನ ಕೋಣೆಗೆ ಮೂರು ಸಲ, ನಾಲ್ಕು ಸಲ ಓಡಾಡಿಸಿದ. ಕತ್ತರಿ ತಾ, ಹಗ್ಗ ತಾ, ಇನ್ನೊಂದು ಚೀಲ ತಾ, ಚಾದರ ಕಟ್ಟಲಿಕ್ಕೆ ಕೋಲು ತಾ. ಗಾಳಿಗೆ ಚಾದರ ಹಾರಿ ಅವನ ತಲೆಗೆ ಸುತ್ತಿಕೊಂಡು, ಬಿಡಿಸುವಷ್ಟರಲ್ಲಿ ಇಬ್ಬರಿಗೂ ನಕ್ಕು ನಕ್ಕು ಹೊಟ್ಟೆ ಹಿಡಿಯಿತು. ಕೊನೆಗೆ ಮೂಡಣಕ್ಕೆ ಚಾದರ ಕಟ್ಟಿ, ಅವಳ ಗೇಟು ಹಾಕಿದೆಯೋ ಇಲ್ಲವೋ ಎಂದು ಕಾಕಾ ಮೂರು ಸಲ ಜಗ್ಗಿ ನೋಡಿದ. ಆಮೇಲೆ ನಾವು ಮುಂಬಾಗಿಲಿನಿಂದ ಒಳಗೆ ಬಂದು ಬಿಸಿಬಿಸಿ ಚಹಾ ಕುಡಿದೆವು.

ಬೆಳಗ್ಗೆ ಕಾಕು ಕೂಗಿಕೊಂಡಾಗ ಎಲ್ಲರೂ ಹಿತ್ತಿಲಿಗೆ ಓಡಿದೆವು.

ಗಾಜಿನ ಕೋಣೆಯ ಬಾಗಿಲು ಹಾರುಹೊಡೆದಿತ್ತು. ಪುಟ್ಟ ಹೀಟರು ಇಡೀ ಫೆಲ್ಥಮ್ ಊರನ್ನು ಕಾಯಿಸುವ ಹುಮ್ಮಸ್ಸಿನಿಂದ ಗುರ್ರೆನ್ನುತ್ತಿತ್ತು. ಅದರ ಎದುರಿಗೇ ಐದೂ ಗಿಡಗಳು ಬೇಯಿಸಿದ ಪಾಲಕ್ ಸೊಪ್ಪಿನಂತೆ ಕಪ್ಪಾಗಿ ಜೋತುಬಿದ್ದಿದ್ದವು. ದೊಡ್ಡಾಕಿಯ ಎಲೆ ಮುಟ್ಟಿದರೆ ನೀರಾಗಿ ಬೆರಳಿಗೆ ಅಂಟಿತು.

ಕೊನೆಯ ಸಲ ಹಗ್ಗ, ಕೋಲು, ಕೌದಿ ಹೊತ್ತುಕೊಂಡು ಆ ಬಾಗಿಲನ್ನು ಮೊಣಕೈಯಿಂದ ತಳ್ಳಿ ಹೊರಬಿದ್ದವಳು ನಾನೇ. ಹಿಂತಿರುಗಿ ಹಾಕಿದ ನೆನಪು ಎಷ್ಟು ಹುಡುಕಿದರೂ ಸಿಗಲಿಲ್ಲ.

"ಯಾರು ಬಾಗಲಾ ತಗದು ಬಿಟ್ಟದ್ದು?" ಎಂದಳು ಕಾಕು.

ಕಾಕಾ ತಿರುಗಲಿಲ್ಲ. ದೊಡ್ಡಾಕಿಯ ಮುಂದೆ ಬೆನ್ನು ಬಾಗಿಸಿ ನಿಂತಿದ್ದ. "ನಾನಽ. ಮರತೆ."

ನಾನೇನು ಸಣ್ಣ ಹುಡುಗಿಯಲ್ಲ, ಕೆಲಸಕ್ಕೆ ಹೋಗುವವಳು, ಬಾಯಿ ಇದ್ದವಳು. ಆದರೂ ಸುಮ್ಮನಿದ್ದೆ. ಆ ದಿನ ಕಾಕಾ ಪಾಳಿಗೆ ಹೋಗಲಿಲ್ಲ. ಕಾಂಡವನ್ನು ಉಗುರಿನಿಂದ ಕೆರೆದು ಹಸಿರು ಇದೆಯೇ ಎಂದು ಒಂದೊಂದನ್ನೇ ನೋಡುತ್ತ ಕೂತ. ಎಲ್ಲಿಯೂ ಇರಲಿಲ್ಲ. ಪಕ್ಕದ ಹಿತ್ತಿಲಲ್ಲಿ ಮಾತ್ರ ಕೆಮೆಲಿಯಾ ನಮ್ಮ ಕೌದಿ ಹೊದ್ದು, ಚಾದರದ ಮರೆಯಲ್ಲಿ, ಮೊಗ್ಗೂ ಕಂದದೆ ನಿಂತಿತ್ತು.

ಫೆಬ್ರವರಿ ಮುಗಿಯುತ್ತ ಬಂದಾಗ ಅದು ಹೂ ಬಿಟ್ಟಿತು. ಮೊದಲನೆಯದನ್ನು ಕಾಕಾ ಒದ್ದೆ ಹತ್ತಿಯಲ್ಲಿಟ್ಟು, ಊಟದ ಡಬ್ಬಿಯಲ್ಲಿ ಹಾಕಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೊರಟ. ಮೇಡಮ್ಮು ಭಾಳ ಇಳಿದುಹೋಗಿದ್ದಳು. ದಿಂಬಿಗೆ ಒರಗಿಸಿ ಕೂಡಿಸಿದ್ದರು. ಡಬ್ಬಿಯ ಮುಚ್ಚಳ ತೆಗೆದು ಅವಳ ಮುಂದೆ ಹಿಡಿದಾಗ ಒಂದು ಬೆರಳಿಂದ ಎಸಳನ್ನು ಮುಟ್ಟಿದಳು.

"ನಾನು ಹೇಳಿರಲಿಲ್ಲವೇ, ಅದಕ್ಕೆ ಏನೂ ಬೇಡ ಅಂತ?"

"ಯೆಸ್ ಮೇಡಮ್. ವೆರಿ ಸ್ಟ್ರಾಂಗ್ ಪ್ಲಾಂಟ್."

ಅವಳು ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಕೇಳಿದಳು: "ಮತ್ತೆ ನಿಮ್ಮವು? ಆ ದೊಡ್ಡ ಕೆಂಪಿನದು?"

ನಾನು ನೆಲ ನೋಡಿದೆ.

"ಎವೆರಿಬಡಿ ಫೈನ್, ಮೇಡಮ್," ಎಂದ ಕಾಕಾ. "ಎವೆರಿಬಡಿ ವೆರಿ ಫೈನ್."

ಹೊರಗೆ ಬಸ್ ಸ್ಟಾಪಿನಲ್ಲಿ ಸಣ್ಣಗೆ ಮಳೆ ಹನಿಯುತ್ತಿತ್ತು. ಕಾಕಾ ಖಾಲಿ ಡಬ್ಬಿಯನ್ನು ಕಂಕುಳಲ್ಲಿ ಇಟ್ಟುಕೊಂಡು ರಸ್ತೆ ನೋಡುತ್ತ ನಿಂತಿದ್ದ. ಐದು ವಾರದಿಂದ ಬಚ್ಚಿಟ್ಟುಕೊಂಡಿದ್ದ ಮಾತನ್ನು ಹೇಗೋ ಹೊರಗೆ ತಂದೆ.

"ಕಾಕಾ, ಅವತ್ತ ಆ ಬಾಗಲಾ..."

"ಗೊತ್ತದ ಯವ್ವಾ," ಎಂದ, ರಸ್ತೆಯ ಮೇಲಿನ ಕಣ್ಣು ತೆಗೆಯದೆ. "ನಿನ್ನ ಎರಡೂ ಕೈ ತುಂಬಿದ್ವು. ಬಸ್ ಬಂತು ನೋಡು, ಹತ್ತು."